ಅಹುದಹುದು ಎಂದ ಮೇಲೆ

ವಚನ, ಕೀರ್ತನೆ, ತತ್ತ್ವಪದಗಳನ್ನು ಓದುವಾಗ ತಮಗೇನಾಗುತ್ತದೆ ಎಂಬುದನ್ನು ಬರೆದು ಕಳಿಸಿರೆಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಇಬ್ಬರು ತಮ್ಮ ಹೆಸರನ್ನು ಅಚ್ಚು ಮಾಡಬಾರದೆಂದು ಕೋರಿದ್ದರಿಂದ ಎಲ್ಲರ ಹೆಸರನ್ನೂ ಬಿಟ್ಟು ಊರನ್ನಷ್ಟೇ ಉಳಿಸಿದ್ದೇನೆ.

ನಮ್ಮ ಬಡಾವಣೆಯಲ್ಲಿ ವಾರಕ್ಕೊಮ್ಮೆ ಕೂಡಿ ಒಂದು ವಚನವನ್ನು ಓದುತ್ತೇವೆ. ಓದಿದ ಕೂಡಲೇ ಎಲ್ಲರೂ "ಎಂಥ ಮಾತು!" ಎಂದು ಕೈಮುಗಿದು, ಚಹಾ ಕುಡಿದು ಏಳುತ್ತಾರೆ. ಒಮ್ಮೆ ನಾನು "ಈ ಮಾತನ್ನು ಹೇಗೆ ಒಪ್ಪುವುದು?" ಎಂದು ಕೇಳಿದ್ದಕ್ಕೆ ಹಿರಿಯರೊಬ್ಬರು "ತಾಯಿ, ಇದು ಅನುಭಾವ, ವಾದ ಮಾಡುವಂಥದ್ದಲ್ಲ" ಎಂದು ಬಾಯಿ ಮುಚ್ಚಿಸಿದರು. ನಾನು ಕೇಳಿದ್ದು ತಪ್ಪೇ? — ದಾವಣಗೆರೆ

ತಪ್ಪಲ್ಲ. ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಅನುಭಾವವನ್ನು, ಅಂದರೆ ದೈವದ ನೇರ ಅನುಭವವನ್ನು, ವಾದದಿಂದ ಪಡೆಯಲಾಗದು ಎಂಬುದು ನಿಜ. ಆದರೆ ಅನುಭಾವದ ಬಗ್ಗೆ ಆಡಿದ ಮಾತನ್ನು ಪ್ರಶ್ನಿಸಬಾರದು ಎಂಬುದು ವಚನಕಾರರು ಹಾಕಿಕೊಟ್ಟ ನಿಯಮವಲ್ಲ, ಅದು ನಾವು ನಂತರ ಕಟ್ಟಿಕೊಂಡ ಬೇಲಿ. 15ನೆಯ ಶತಮಾನದಲ್ಲಿ ರೂಪುಗೊಂಡ ಶೂನ್ಯಸಂಪಾದನೆಯನ್ನು ನೋಡಿ. ಅದನ್ನು ಸಂಕಲಿಸಿದವರು ಮೂರು ಶತಮಾನ ಹಿಂದಿನ ವಚನಗಳನ್ನು ಓದಿದ ಓದುಗರೇ. ಆ ಓದುಗರು ವಚನಗಳನ್ನು ಸಾಲಾಗಿ ಪೋಣಿಸಿ ಪೂಜೆಗಿಡಲಿಲ್ಲ. ಒಬ್ಬರ ವಚನಕ್ಕೆ ಇನ್ನೊಬ್ಬರ ವಚನವನ್ನು ಉತ್ತರವಾಗಿ, ಆ ಉತ್ತರಕ್ಕೆ ಮರುಪ್ರಶ್ನೆಯಾಗಿ ಮತ್ತೊಂದನ್ನು ಎದುರುಬದುರು ಕೂರಿಸಿದರು. (ಒಂದರ್ಥದಲ್ಲಿ ಅದೂ ಪ್ರಶ್ನೋತ್ತರ ಅಂಕಣವೇ, ಆದರೆ ಉತ್ತರಿಸುವವನಿಗೆ ನನಗಿರುವಷ್ಟು ನೆಮ್ಮದಿ ಅಲ್ಲಿರಲಿಲ್ಲ.) ಅಲ್ಲಿ ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಶೋಕದಲ್ಲಿ ಮುಳುಗಿರುವ ಮುಕ್ತಾಯಕ್ಕನ ಬಳಿಗೆ ಅಲ್ಲಮಪ್ರಭು ಬಂದು ಉಪದೇಶಕ್ಕೆ ತೊಡಗುತ್ತಾನೆ. ಆಕೆ ಕೈಮುಗಿದು ಕೇಳಿಸಿಕೊಳ್ಳುವುದಿಲ್ಲ. "ನುಡಿಯ ಹಂಗಿನ್ನೂ ನಿಮಗೆ ಹಿಂಗದು" ಎಂದು ಅವನ ಮುಖಕ್ಕೇ ಹೇಳುತ್ತಾಳೆ: ಮಾತಿನ ಹಂಗೇ ಇನ್ನೂ ಹರಿಯದ ನೀವು ನಡೆಯ ವಿಚಾರವನ್ನು ಪರರಿಗೆ ಹೇಳುವುದೆಂತು? ಅಲ್ಲಮನನ್ನೇ ಹೀಗೆ ಕೇಳಿದ ಹೆಣ್ಣುಮಗಳು ಆ ಪರಂಪರೆಯ ಗೌರವದ ಸ್ಥಾನದಲ್ಲಿರುವಾಗ, ನಿಮ್ಮ ಬಡಾವಣೆಯ ಕೂಟದಲ್ಲಿ ನಿಮಗೆ ಬಾಯಿ ಮುಚ್ಚಿಕೊಳ್ಳಲು ಹೇಳುವ ಅಧಿಕಾರ ಯಾರಿಗಿದೆ?

ನಮ್ಮ ಊರಿನ ಚರಿತ್ರೆಯಲ್ಲಿಯೇ ಈ ಕೈಮುಗಿಯುವ ಅಭ್ಯಾಸಕ್ಕೆ ಒಂದು ಕಾರಣ ಇರಬಹುದೆಂದು ನನ್ನ ಅನಿಸಿಕೆ. ಹರ್ಡೇಕರ ಮಂಜಪ್ಪನವರು ದಾವಣಗೆರೆಯ ವಿರಕ್ತಮಠದಲ್ಲಿ ಮೃತ್ಯುಂಜಯ ಅಪ್ಪಗಳ ಜೊತೆಗೂಡಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು ಆರಂಭಿಸಿದ್ದು 1913ರಲ್ಲಿ. ಫ. ಗು. ಹಳಕಟ್ಟಿಯವರ ವಚನಸಂಕಲನ ವಚನಶಾಸ್ತ್ರಸಾರ ಅಚ್ಚಾದದ್ದು 1923ರಲ್ಲಿ. ಅಂದರೆ ನಾವು ಬಸವಣ್ಣನವರ ಮೆರವಣಿಗೆ ಮಾಡತೊಡಗಿದಾಗ ವಚನಗಳ ಬಹುಪಾಲು ಇನ್ನೂ ತಾಳೆಗರಿಯಲ್ಲಿಯೇ ಇತ್ತು. ಹೆಸರು ಮನೆಮನೆಗೆ ಮೊದಲು ಬಂತು, ಪಠ್ಯ ಹಿಂದಿನಿಂದ ಬಂತು. ಮಂಜಪ್ಪನವರ ಕೆಲಸವನ್ನು ನಾನು ಕಡಿಮೆ ಮಾಡುತ್ತಿಲ್ಲ, ಆ ಹೆಸರು ಬಾರದಿದ್ದರೆ ಪಠ್ಯವನ್ನು ಕೇಳುವವರೇ ಇರುತ್ತಿರಲಿಲ್ಲವೇನೋ. ಆದರೆ ಪಠ್ಯ ಬಂದು ಒಂದು ಶತಮಾನ ಕಳೆದ ಮೇಲೂ ಹೆಸರಿಗೆ ಮುಗಿದ ಕೈಯನ್ನು ಬಿಡಿಸಿ ಪುಟ ತಿರುಗಿಸಲು ನಾವು ತಡಮಾಡುತ್ತಿದ್ದೇವೆ.

"ನುಡಿದರೆ ಮುತ್ತಿನ ಹಾರದಂತಿರಬೇಕು" ಎಂಬ ವಚನ ನಿಮ್ಮ ಕೂಟದಲ್ಲಿ ಆಗಿಯೇ ಇರುತ್ತದೆ. ಮುತ್ತಿನ ಹಾರ, ಮಾಣಿಕ್ಯದ ದೀಪ್ತಿ, ಸ್ಫಟಿಕದ ಶಲಾಕೆ, ಈ ಮೂರು ಸಾಲುಗಳನ್ನು ಶಾಲೆಯ ಗೋಡೆಗಳ ಮೇಲೆ ಬರೆಸುತ್ತೇವೆ. ನಾಲ್ಕನೆಯದು "ನುಡಿದರೆ ಲಿಂಗ ಮೆಚ್ಚಿ ಅಹುದಹುದೆನಬೇಕು". ಈ ಸಾಲಿನಲ್ಲಿ ಮೆಚ್ಚುವವರು ಯಾರು ಎಂಬುದನ್ನು ಗಮನಿಸಿ. ಸಭೆಯಲ್ಲ, ಲಿಂಗ. ಅಹುದಹುದು ಎನ್ನುವ ಹಕ್ಕನ್ನು ಬಸವಣ್ಣ ಕೇಳುಗರಿಗೆ ಕೊಟ್ಟೇ ಇಲ್ಲ, ಆದರೂ ನಾವು ಪ್ರತಿವಾರ ಅದನ್ನೇ ಚಲಾಯಿಸುತ್ತಿದ್ದೇವೆ. ಗೋಡೆಯ ಮೇಲೆ ಜಾಗ ಸಾಲದೆಂದು ಬಿಟ್ಟುಹೋಗುವ ಕೊನೆಯ ಸಾಲು ಆಡಿದವನನ್ನೇ ಚುಚ್ಚುತ್ತದೆ: ನುಡಿಯೊಳಗಾಗಿ ನಡೆಯದಿದ್ದರೆ ಕೂಡಲಸಂಗಮದೇವನೆಂತೊಲಿವನಯ್ಯಾ? ಮುಂದಿನ ವಾರ ಈ ವಚನವನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದಿ ನೋಡಿ, ಚಹಾ ಸ್ವಲ್ಪ ತಡವಾಗಿ ಬರಲಿ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ ಗೃಹಿಣಿ. "ಎತ್ತಣ ಮಾಮರ ಎತ್ತಣ ಕೋಗಿಲೆ" ವಚನಕ್ಕೆ ಮಗನ ಗೈಡಿನಲ್ಲಿ "ಜೀವಾತ್ಮ ಪರಮಾತ್ಮರ ಸಂಬಂಧ" ಎಂದು ಅರ್ಥ ಕೊಟ್ಟಿದ್ದಾರೆ. ಬೆಟ್ಟದ ನೆಲ್ಲಿ, ಸಮುದ್ರದ ಉಪ್ಪು ಎಂದಾಗ ನನಗೆ ನೆನಪಾಗುವುದು ಉಪ್ಪಿನಕಾಯಿ ಮಾತ್ರ. ಮಗ ನಗುತ್ತಾನೆ. ದೊಡ್ಡ ಮಾತನ್ನು ಚಿಕ್ಕದು ಮಾಡಿದೆನೇ? — ಹೊಸದುರ್ಗ

ಮಗನಿಗೆ ಈ ಪುಟವನ್ನು ತೋರಿಸಿ. ಅಲ್ಲಮನ ಈ ವಚನಕ್ಕೆ ನಾನು ಕೇಳಿರುವ ವ್ಯಾಖ್ಯಾನಗಳಲ್ಲಿ ನಿಮ್ಮದು ಅತ್ಯಂತ ಹತ್ತಿರದ್ದು, ಏಕೆಂದರೆ ಅಲ್ಲಮ ಹೇಳಿರುವುದು ನೆಲ್ಲಿಕಾಯಿಯ ವಿಷಯವನ್ನೇ. ಗೈಡು ಬರೆದವರು ನೆಲ್ಲಿಕಾಯಿಯನ್ನೂ ಉಪ್ಪನ್ನೂ ಸಿಪ್ಪೆಯಂತೆ ಸುಲಿದು ಎಸೆದು, ಒಳಗೆ ಸಿದ್ಧಾಂತವೊಂದು ಇರಬೇಕೆಂದು ಹುಡುಕಿದ್ದಾರೆ. ನೀವು ಭರಣಿಯ ಮುಚ್ಚಳ ತೆಗೆದು ನೋಡಿದ್ದೀರಿ.

ನೀವು ಬಲ್ಲದ್ದನ್ನೇ ನಿಮಗೆ ಹೇಳುತ್ತಿದ್ದೇನೆ, ಕ್ಷಮಿಸಿ. ಹೆಚ್ಚಿದ ನೆಲ್ಲಿಕಾಯಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ನಾಲ್ಕಾರು ದಿನಗಳಲ್ಲಿ ಕಾಯಿ ತಾನೇ ನೀರು ಬಿಡುತ್ತದೆ. ಹೊರಗಿನಿಂದ ಒಂದು ಹನಿ ನೀರು ಬಿದ್ದರೂ ಬೂಸಲು ಬರುತ್ತದೆ ಎಂದು ಒದ್ದೆ ಕೈಯನ್ನು ಸೋಕಿಸುವುದಿಲ್ಲ. ಕಾಯಿಯೊಳಗಿದ್ದ ನೀರನ್ನು ಉಪ್ಪು ಹೊರಗೆ ಕರೆಯುತ್ತದೆ, ಆ ನೀರಿನಲ್ಲಿಯೇ ಉಪ್ಪು ಕರಗುತ್ತದೆ, ಕರಗಿದ ಉಪ್ಪು ಮತ್ತೆ ಕಾಯಿಯ ಒಳಕ್ಕೆ ಹೋಗುತ್ತದೆ. ಕೊನೆಗೆ ಉಪ್ಪು ಕಣ್ಣಿಗೆ ಕಾಣುವುದಿಲ್ಲ, ಕಾಯಿಯ ಒಗರೂ ಮೊದಲಿನಂತೆ ಉಳಿಯುವುದಿಲ್ಲ. ಹಾಗೆಂದು ನೆಲ್ಲಿ ಉಪ್ಪಾಗಿಲ್ಲ, ಉಪ್ಪು ನೆಲ್ಲಿಯಾಗಿಲ್ಲ. ಇವೆರಡರ ನಡುವೆ ನಡೆದದ್ದನ್ನು ಸಂಬಂಧ ಎನ್ನದೆ ಏನೆನ್ನೋಣ? ಆದರೆ ಭರಣಿಗೆ ಹಾಕುವ ಮೊದಲು, ಒಂದು ಬೆಟ್ಟದಲ್ಲಿಯೂ ಇನ್ನೊಂದು ಕಡಲಿನಲ್ಲಿಯೂ ಇದ್ದಾಗ, ಆ ಸಂಬಂಧ ಎಲ್ಲಿತ್ತು?

ಇಲ್ಲಿಯೇ ಗೈಡಿನ ದೊಡ್ಡ ತಪ್ಪಿದೆ. ಅಲ್ಲಮ ಯಾವ ಉತ್ತರವನ್ನೂ ಕೊಟ್ಟಿಲ್ಲ. "ಗುಹೇಶ್ವರಲಿಂಗಕ್ಕೆಯೂ ಎನಗೆಯೂ ಎತ್ತಣಿಂದೆತ್ತ ಸಂಬಂಧವಯ್ಯಾ?" ಎಂದು ಕೇಳಿ ನಿಲ್ಲಿಸಿದ್ದಾನೆ. ಮೂರು ಬಾರಿ "ಎತ್ತಣಿಂದೆತ್ತ" ಎಂಬ ಬೆರಗು ಬರುತ್ತದೆ, ಮೂರು ಬಾರಿಯೂ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುತ್ತದೆ. ಪರೀಕ್ಷೆಗೆ ಉತ್ತರ ಬೇಕು, ಆದ್ದರಿಂದ ಗೈಡು ಕವಿಯ ಪರವಾಗಿ ಉತ್ತರ ಬರೆದಿದೆ. ಉತ್ತರ ದೊರೆತ ಮೇಲೆ ಯಾರು ತಾನೆ ಬೆರಗುಪಡುತ್ತಾರೆ? ನಿಮ್ಮ ಉಪ್ಪಿನಕಾಯಿ ಬೆರಗನ್ನು ಹಾಗೆಯೇ ಉಳಿಸುತ್ತದೆ. ನಮ್ಮ ಕಡೆ ಕಡಲು ಕಾಣದ ಬಯಲುಸೀಮೆಯ ಅಡುಗೆಮನೆಗಳಲ್ಲಿ ಉಪ್ಪು ದಿನದಿನವೂ ಕೈಗೆ ಸಿಗುತ್ತದೆ ಎಂಬುದನ್ನು ನೆನೆದಾಗ ನನಗೆ ಈ ವಚನ ಇನ್ನಷ್ಟು ಹತ್ತಿರವಾಗುತ್ತದೆ.

ಎಸ್ಸೆಸ್ಸೆಲ್ಸಿಯ ವಿಷಯಕ್ಕೆ ಒಂದು ಮಾತು. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥವಾದ ಕವಿರಾಜಮಾರ್ಗ 9ನೆಯ ಶತಮಾನದಲ್ಲಿಯೇ ಈ ನಾಡಿನ ಜನರನ್ನು "ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್" ಎಂದು ಕರೆದಿದೆ. ಪಟ್ಟಾಗಿ ಕೂತು ಓದದೆಯೂ ಕಾವ್ಯವನ್ನು ಬಲ್ಲವರು ಎಂದರ್ಥ. ಸಭೆಗಳಲ್ಲಿ ಹೆಮ್ಮೆಯಿಂದ ಈ ಸಾಲನ್ನು ಹೇಳುವ ನಾವೇ, ಅಂಥವರೊಬ್ಬರು ಎದುರಿಗೆ ಬಂದು ಮಾತಾಡಿದರೆ ಗೈಡು ತೆಗೆಯುತ್ತೇವೆ.

ಬೆಳಗಾದರೆ ವಾಟ್ಸಾಪ್‌ನಲ್ಲಿ ಬಸವಣ್ಣನವರ ಹೆಸರಿನಲ್ಲಿ ವಚನಗಳು ಬರುತ್ತವೆ. ಕೆಲವು ಅವರದ್ದೇ ಎಂದು ನಂಬಲಾಗುವುದಿಲ್ಲ. ಗುರುತಿಸುವುದು ಹೇಗೆ? — ಜಗಳೂರು

ವಚನದ ಕೊನೆಗೆ ಬರುವ ಅಂಕಿತನಾಮ ನೋಡಿದರೆ ಸಾಕು ಎಂದು ಕೆಲವರು ಹೇಳುತ್ತಾರೆ, ಸಾಲದು. ಕೂಡಲಸಂಗಮದೇವ ಎಂಬ ಮಾತನ್ನು ಯಾವ ಸಾಲಿನ ತುದಿಗಾದರೂ ಅಂಟಿಸಬಹುದು. ನಿಜವಾದ ವಚನಗಳಲ್ಲಿಯೂ ಅಂಕಿತ ಗೊಂದಲ ಮಾಡುತ್ತದೆ: ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನನನ್ನೂ ಸಿದ್ಧರಾಮನ ಕಪಿಲಸಿದ್ಧಮಲ್ಲಿಕಾರ್ಜುನನನ್ನೂ ಅವಸರದ ಓದುಗರು ಒಂದೇ ಮಾಡಿಬಿಡುತ್ತಾರೆ. ಅಂಬಿಗರ ಚೌಡಯ್ಯನಂತೂ ದೇವರ ಹೆಸರನ್ನು ಬಿಟ್ಟು ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡವನು. ಕರ್ನಾಟಕ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು 15 ಇವೆ, ಗ್ರಂಥಾಲಯದಲ್ಲಿ ಕೇಳಿ ನೋಡಿ. ಸಿರಿಗೆರೆಯ ತರಳಬಾಳು ಮಠದಿಂದ ಸಿದ್ಧವಾದ ಗಣಕವಚನಸಂಪುಟದಲ್ಲಿ ಪದವೊಂದನ್ನು ಕೊಟ್ಟು ವಚನವನ್ನು ಹುಡುಕಬಹುದು. ನಿಮಗೆ ಬಂದ ಸಾಲಿನ ಅಪರೂಪದ ಪದವೊಂದನ್ನು ಅಲ್ಲಿ ಹಾಕಿ, ಇಲ್ಲವೆಂದಾದರೆ ಕಳಿಸಿದವರಿಗೆ ವಿನಯದಿಂದ ತಿಳಿಸಿ. ನಾನು ಹೀಗೆ ತಿಳಿಸಿ ಎರಡು ಗುಂಪುಗಳಿಂದ ಹೊರಬಿದ್ದಿದ್ದೇನೆ.

ನಾನು ದೇವರನ್ನು ನಂಬುವವನಲ್ಲ. ಆದರೂ ಬಸ್ಸಿನಲ್ಲಿ ಫೋನಿನಿಂದ ಕನಕದಾಸರ "ನೀ ಮಾಯೆಯೊಳಗೊ" ಕೇಳುವಾಗ ಇಳಿಯುವ ನಿಲ್ದಾಣ ಮರೆಯುವಷ್ಟು ಮೈಮರೆಯುತ್ತೇನೆ. ಇದು ಆತ್ಮವಂಚನೆ ಅಲ್ಲವೇ? — ಹರಿಹರ

ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ರಾಗವಿಲ್ಲದೆ, ಹಾಡುಗಾರರ ಕಂಠವಿಲ್ಲದೆ, ಆ ಪದವನ್ನು ಒಂದು ಹಾಳೆಯ ಮೇಲೆ ಕೈಯಲ್ಲಿ ಬರೆದು ಓದಿ. ಮೈಮರೆವು ಅರ್ಧಕ್ಕಿಳಿದರೆ ನೀವು ಮರುಳಾದದ್ದು ಸಂಗೀತಕ್ಕೆ. ಅದೇನೂ ಅಪರಾಧವಲ್ಲ, ಆದರೆ ಅದು ಬೇರೆ ಪ್ರಶ್ನೆ. ಹಾಳೆಯ ಮೇಲೆಯೂ ಪದ ನಿಮ್ಮನ್ನು ಹಿಡಿದು ನಿಲ್ಲಿಸಿದರೆ ಮುಂದೆ ಓದಿ.

ಆ ಕೀರ್ತನೆಯಲ್ಲಿ ಹೇಳಿಕೆಗಳು ಬಹಳ ಕಡಿಮೆ, ಉದ್ದಕ್ಕೂ ಪ್ರಶ್ನೆಗಳೇ. ಬಯಲು ಆಲಯದೊಳಗೊ, ಆಲಯವು ಬಯಲೊಳಗೊ? ಸವಿಯು ಸಕ್ಕರೆಯೊಳಗೊ, ಸಕ್ಕರೆಯು ಸವಿಯೊಳಗೊ? ಹಾಗೆ ಕೇಳಿ ಮರುಗಳಿಗೆಯಲ್ಲಿಯೇ, ಸವಿಯೂ ಸಕ್ಕರೆಯೂ ಎರಡೂ ನಾಲಗೆಯೊಳಗೊ ಎಂದು ಮೂರನೆಯ ಬಾಗಿಲನ್ನು ತೆರೆಯುತ್ತಾರೆ. ಸಕ್ಕರೆಯ ಸಿಹಿ ಸಕ್ಕರೆಯಲ್ಲಿದೆಯೋ ತಿನ್ನುವವನಲ್ಲಿದೆಯೋ ಎಂದು ಕೇಳಲು ದೇವರಲ್ಲಿ ನಂಬಿಕೆ ಬೇಕಿಲ್ಲ, ನಾಲಗೆಯಿದ್ದರೆ ಸಾಕು. ಕೊನೆಯಲ್ಲಿ ಕನಕದಾಸರು ಎಲ್ಲವನ್ನೂ ಕಾಗಿನೆಲೆಯ ಆದಿಕೇಶವನಿಗೆ ಒಪ್ಪಿಸುತ್ತಾರೆ. ಅಲ್ಲಿಯವರೆಗೆ ಅವರ ಜೊತೆ ನಡೆದು, ಅಲ್ಲಿ ನೀವು ನಿಂತುಕೊಂಡರೆ ವಂಚನೆಯಾಗುವುದಿಲ್ಲ. ನಂಬದಿದ್ದರೂ ನಂಬಿದವನಂತೆ ತಲೆದೂಗಿದರೆ ಅದು ವಂಚನೆ. ಹರಿಯೂ ಹರನೂ ಒಂದೇ ಮೂರ್ತಿಯಲ್ಲಿ ನಿಂತಿರುವ ಊರಿನವರು ನೀವು, ಹೊಳೆ ದಾಟಿದರೆ ಕನಕದಾಸರ ಜಿಲ್ಲೆ. ಅರ್ಧ ಒಂದು, ಅರ್ಧ ಇನ್ನೊಂದು ಎಂಬ ಸ್ಥಿತಿಗೆ ನಿಮ್ಮ ಊರಿನಲ್ಲಿ ಯಾರೂ ಬೆಚ್ಚಬಾರದು.

ಅಂದಹಾಗೆ, ದಾಸರ ಪದಗಳೆಂದರೆ ಕರಗುವುದಷ್ಟೇ ಎಂದುಕೊಳ್ಳಬೇಡಿ. ಪುರಂದರದಾಸರಲ್ಲಿ ಗೇಲಿಯಿದೆ, ಜಗಳವಿದೆ, ವ್ಯಾಪಾರಿಯ ಲೆಕ್ಕಾಚಾರವಿದೆ. ಅವುಗಳನ್ನೂ ಕೇಳಿ, ನಿಲ್ದಾಣ ತಪ್ಪುವುದು ಕಡಿಮೆಯಾದೀತು.

ಕಾಲೇಜಿನಲ್ಲಿ ಕನ್ನಡ ಓದುತ್ತಿದ್ದೇನೆ. ಭಕ್ತಿಕಾವ್ಯದಲ್ಲಿ ಹೆಣ್ಣನ್ನು ಮಾಯೆ, ಬಲೆ ಎಂದೆಲ್ಲ ಹಳಿಯುವ ಸಾಲುಗಳು ಬಂದಾಗ ನನಗೆ ಭಕ್ತಿಯ ಬದಲು ಸಿಟ್ಟು ಬರುತ್ತದೆ. ತರಗತಿಯಲ್ಲಿ ಹೇಳಿದರೆ "ಆ ಕಾಲ ಹಾಗಿತ್ತು" ಎಂಬ ಉತ್ತರ ಸಿಗುತ್ತದೆ. — ಚಿತ್ರದುರ್ಗ

"ಆ ಕಾಲ ಹಾಗಿತ್ತು" ಎಂಬುದು ಸೋಮಾರಿಯ ಉತ್ತರ, ಏಕೆಂದರೆ ಆ ಕಾಲ ಅಷ್ಟೇ ಆಗಿರಲಿಲ್ಲ. 12ನೆಯ ಶತಮಾನದಲ್ಲಿಯೇ ಅಲ್ಲಮ "ಹೆಣ್ಣು ಮಾಯೆಯೆಂಬರು, ಹೆಣ್ಣು ಮಾಯೆಯಲ್ಲ" ಎಂದು ಹೇಳಿ, "ಮನದ ಮುಂದಣ ಆಸೆಯೇ ಮಾಯೆ" ಎಂದು ಆರೋಪವನ್ನು ಆರೋಪಿಸಿದವನ ಮನಸ್ಸಿಗೇ ಹಿಂದಿರುಗಿಸಿದ್ದಾನೆ. ಎಂಬರು ಎಂಬ ಆ ಕ್ರಿಯಾಪದವನ್ನು ನೋಡಿ. ಹಾಗೆ ಅನ್ನುವವರು ಅವನ ಸುತ್ತಲೂ ಇದ್ದರು, ಅವರಿಗೆ ಅವನು ಎದುರಾಡಿದ್ದಾನೆ. ದೇವರ ದಾಸಿಮಯ್ಯ ಮೊಲೆ ಮುಡಿ ಬಂದರೆ ಹೆಣ್ಣೆಂದು, ಗಡ್ಡ ಮೀಸೆ ಬಂದರೆ ಗಂಡೆಂದು ಕರೆಯುವವರಿಗೆ, ನಡುವೆ ಸುಳಿವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂದು ಉತ್ತರಿಸಿದ್ದಾನೆ. ಆದ್ದರಿಂದ ನಿಮ್ಮ ಸಿಟ್ಟು ಪರಂಪರೆಯ ಹೊರಗಿನಿಂದ ಬಂದದ್ದಲ್ಲ, ಆ ಜಗಳ ಅಲ್ಲಿಯೇ ನಡೆದಿತ್ತು. ಹಳಿದ ಸಾಲುಗಳನ್ನು ಹಳಿದ ಸಾಲುಗಳೆಂದೇ ಓದಿ, ಅವಕ್ಕೆ ಗೂಢಾರ್ಥದ ಶಾಲು ಹೊದಿಸುವ ಕೆಲಸ ನಿಮ್ಮದಲ್ಲ.

ನಿಮ್ಮ ಪಠ್ಯದಲ್ಲಿ ಇಲ್ಲದಿದ್ದರೆ ಆಯ್ದಕ್ಕಿ ಲಕ್ಕಮ್ಮನನ್ನು ಹುಡುಕಿ ಓದಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಗಂಡ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಆಕೆ "ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?" ಎಂದು ಕೇಳಿ, "ಈಸಕ್ಕಿಯಾಸೆ ನಿಮಗೇಕೆ?" ಎಂದು ಅಕ್ಕಿಯನ್ನು ಹಿಂದಕ್ಕೆ ಕಳಿಸುತ್ತಾಳೆ. ಹೆಣ್ಣೇ ಆಸೆಯ ರೂಪ ಎಂದು ಗಂಡಸರು ಬರೆದ ಸಾಲುಗಳ ಪಕ್ಕದಲ್ಲಿ ಇದನ್ನಿಡಿ: ಇಲ್ಲಿ ಆಸೆಗೆ ಬಿದ್ದವನು ಗಂಡ, ಎಚ್ಚರಿಸಿದವಳು ಹೆಂಡತಿ. ಇನ್ನೊಂದು ಸೊಗಸಿದೆ. ಅದೇ ವಚನದಲ್ಲಿ ಆಕೆ ರೋಷವೆಂಬುದು ಯಮದೂತರಿಗಲ್ಲದೆ ಅಜಾತರಿಗೆ, ಅಂದರೆ ಹುಟ್ಟುಸಾವನ್ನು ಮೀರಿದವರಿಗೆ, ಉಂಟೆ ಎಂದೂ ಕೇಳುತ್ತಾಳೆ. ರೋಷ ಬೇಡವೆನ್ನುವ ಆ ಮಾತನ್ನು ಗಟ್ಟಿಯಾಗಿ ಓದಿ, ಅದರಲ್ಲಿ ಇರುವಷ್ಟು ಖಾರ ಬೇರೆಲ್ಲಿಯೂ ಸಿಕ್ಕಲಾರದು. ಆಕೆಗೆ ಸಿಟ್ಟು ಬಂದಿತ್ತೋ ಇಲ್ಲವೋ ಎಂದು ನಿಮ್ಮ ತರಗತಿಯಲ್ಲಿ ಕೇಳಿ, ಒಂದು ಪೀರಿಯಡ್ ಚೆನ್ನಾಗಿ ಕಳೆಯುತ್ತದೆ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಮಾತನ್ನು ಕವಿತೆ ಎನ್ನಬಹುದೇ? — ಚಳ್ಳಕೆರೆ

ಮೂರೇ ಪದಗಳು. ಕರ್ತೃಪದವಿಲ್ಲ, ಮಾಡಿದವರು ಯಾರು, ನೀಡಬೇಕಾದವರು ಯಾರು ಎಂದು ಮಾತು ಹೇಳುವುದಿಲ್ಲ. ಕೆರೆ ಕಟ್ಟಿಸಿದ ಸ್ವಾಮಿಗಳ ಮಾತೆಂದು ಕೇಳಿದರೆ ಅದು ದುಡಿದವನಿಗೆ ದುಡಿದಷ್ಟು ಕೂಲಿ ಎಂಬ ನ್ಯಾಯವಾಗುತ್ತದೆ, ದೇವರಿಗೆ ಹೇಳಿದ್ದೆಂದು ಕೇಳಿದರೆ ಹರಕೆಯ ಮಾತಾಗುತ್ತದೆ, ನಮಗೇ ಹೇಳಿದ್ದೆಂದರೆ ಎಚ್ಚರಿಕೆಯಾಗುತ್ತದೆ. ಕೂಲಿಯನ್ನು ಭಿಕ್ಷೆ ಎಂದು ಕರೆದದ್ದರಲ್ಲಿಯೇ ಒಂದು ತಿರುವು ಇದೆ. ನನ್ನ ಮಟ್ಟಿಗೆ ಇದು ಕವಿತೆಯೇ. ಜಾತ್ರೆಗೆ ಬರುವವರು ಇದಕ್ಕೆ ಯಾವ ಹೆಸರು ಕೊಡುತ್ತಾರೋ ನೀವೇ ಕೇಳಿ ಬರೆಯಿರಿ.

ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತೇನೆ, ಬಿಡುವಿನಲ್ಲಿ ಆಧ್ಯಾತ್ಮಿಕ ಕವಿತೆ ಬರೆಯುತ್ತೇನೆ. ಗೆಳೆಯರಿಗೆ ಕಳಿಸಿದರೆ ಎಲ್ಲರೂ ಕೈಮುಗಿದ ಚಿತ್ರವನ್ನಷ್ಟೇ ಕಳಿಸುತ್ತಾರೆ. ಕವಿತೆ ಚೆನ್ನಾಗಿದೆಯೋ ಇಲ್ಲವೋ ತಿಳಿಯುತ್ತಿಲ್ಲ. ಒಂದನ್ನು ಇದರೊಂದಿಗೆ ಇಟ್ಟಿದ್ದೇನೆ, ದಾಕ್ಷಿಣ್ಯವಿಲ್ಲದೆ ಹೇಳಿ. — ದಾವಣಗೆರೆ

ದಾಕ್ಷಿಣ್ಯವಿಲ್ಲದೆ ಹೇಳುವುದಾದರೆ, ಹನ್ನೆರಡು ಸಾಲಿನಲ್ಲಿ ಹನ್ನೊಂದನ್ನು ನೀವು ಬರೆದಿಲ್ಲ. ಭವಸಾಗರ, ಮಾಯಾಜಾಲ, ಜ್ಞಾನಜ್ಯೋತಿ, ಅಂತರಂಗದ ಕದ, ಇವು ಎಲ್ಲರ ಮನೆಯಲ್ಲಿಯೂ ಇರುವ ಪಾತ್ರೆಗಳು, ಯಾರು ಯಾರಿಗೆ ಎರವಲು ಕೊಟ್ಟರೆಂದು ಯಾರಿಗೂ ನೆನಪಿಲ್ಲ. ಇಂಥ ಪದಗಳನ್ನು ಕಂಡೊಡನೆ ಓದುವವರ ಕೈ ತಾನಾಗಿ ಮುಗಿಯುತ್ತದೆ, ನಿಮ್ಮ ಗೆಳೆಯರದ್ದೂ ಹಾಗೆಯೇ ಮುಗಿದಿದೆ. ಅವರನ್ನು ದೂರಬೇಡಿ. ತಾಳಮಾನ ಅರಿಯೆನೆಂದು ಹೇಳಿಕೊಂಡ ಬಸವಣ್ಣ "ಆನು ಒಲಿದಂತೆ ಹಾಡುವೆ" ಎಂದನೇ ಹೊರತು, ಊರೆಲ್ಲ ಹಾಡಿದಂತೆ ಹಾಡುವೆ ಎನ್ನಲಿಲ್ಲ.

ಹನ್ನೊಂದು ಹೋದ ಮೇಲೆ ಉಳಿಯುವುದು ಒಂಬತ್ತನೆಯ ಸಾಲು: "ಕಾದ ಮರಳಿಗೆ ಬಿದ್ದ ಅಕ್ಕಿ ಅರಳುವ ಮುನ್ನ ಒಂದು ಗಳಿಗೆ ಸುಮ್ಮನಿರುತ್ತದೆ." ಇದನ್ನು ಓದಿ ನಾನೂ ಒಂದು ಗಳಿಗೆ ಸುಮ್ಮನಿದ್ದೆ. ಇದನ್ನು ಭಟ್ಟಿಯ ಮುಂದೆ ನಿಂತವರಲ್ಲದೆ ಬೇರೆಯವರು ಬರೆಯಲಾರರು. ಆದರೆ ಒಂದು ಸಂದೇಹವಿದೆ. ಆ ಗಳಿಗೆಯಲ್ಲಿ ಅಕ್ಕಿ ನಿಜವಾಗಿಯೂ ಸುಮ್ಮನಿರುತ್ತದೆಯೇ, ಅಥವಾ ಮರಳಿನ ಸದ್ದಿನಲ್ಲಿ ಅದರ ಸದ್ದು ನಮಗೆ ಕೇಳಿಸುವುದಿಲ್ಲವೇ? ಎರಡರಲ್ಲಿ ಯಾವುದು ಎಂಬುದರ ಮೇಲೆ ನಿಮ್ಮ ಮುಂದಿನ ಸಾಲು ಬೇರೆಯಾಗುತ್ತದೆ. ನಾಳೆ ಕೆಲಸಕ್ಕೆ ಹೋದಾಗ ಕಿವಿಗೊಟ್ಟು ಕೇಳಿ, ತಿಳಿದದ್ದನ್ನು ನನಗೆ ಬರೆಯಿರಿ.